ಬಿಚ್ಚಿಟ್ಟ ಬೈಕಿನ ಅಭಾವ ಮೀಮಾಂಸೆ

ಹಳೇ ಬ್ರಿಟಿಷ್ ಮೋಟಾರ್‌ಸೈಕಲ್ಲನ್ನು ಬಿಡಿಬಿಡಿಯಾಗಿ ಗೋಣಿಚೀಲಗಳಲ್ಲಿ ಕೊಂಡು ತರುವ ಕ್ರಿಯೆಯ ಬಗ್ಗೆ ನಮ್ಮ ಶಾಸ್ತ್ರಕಾರರು ಏನೂ ಹೇಳಿಲ್ಲ. ರಥದ ಬಗ್ಗೆ ಬರೆದಿದ್ದಾರೆ. ಗಡಿಗೆಯ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚೇ ಬರೆದಿದ್ದಾರೆ. ಬಟ್ಟೆ ಬೇರೆಯೋ ನೂಲು ಬೇರೆಯೋ ಎಂದು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಆದರೆ ಡಾಲ್ಡಾ ಡಬ್ಬದೊಳಗಿನ ಗೇರ್‌ಬಾಕ್ಸಿನ ಬಗ್ಗೆ ಒಂದು ವಾರ್ತಿಕವೂ ಸಿಗುವುದಿಲ್ಲ. ಆ ಕೊರತೆ ತುಂಬುವುದಕ್ಕಾಗಿ ಈ ಪ್ರಬಂಧ. ಇದನ್ನು ಓದಿದವರು ಕೊಳ್ಳುವುದನ್ನು ಬಿಟ್ಟಾರು ಎಂಬ ಆಸೆ ನಮಗಿಲ್ಲ. ಶಾಸ್ತ್ರ ಓದಿ ಚಟ ಬಿಟ್ಟವರನ್ನು ನಾವು ಕಂಡಿಲ್ಲ.

ಲಕ್ಷಣ

ಬಿಚ್ಚಿಟ್ಟ ಬೈಕು ಎಂದರೇನು? ‘ಭಾಗಗಳು ಬೇರೆಬೇರೆಯಾಗಿರುವ ಬೈಕು’ ಎಂದರೆ ಅತಿವ್ಯಾಪ್ತಿ ದೋಷ. ಗ್ಯಾರೇಜಿನಲ್ಲಿ ಸರ್ವಿಸಿಗೆ ಬಿಟ್ಟದ್ದೂ ಅದರೊಳಗೆ ಬಂದುಬಿಡುತ್ತದೆ. ‘ಓಡದಿರುವ ಬೈಕು’ ಎಂದರೆ ಇನ್ನೂ ತೊಂದರೆ, ಬ್ರಿಟಿಷ್ ಬೈಕುಗಳಲ್ಲಿ ಪೂರ್ತಿ ಜೋಡಿಸಿಟ್ಟವಕ್ಕೂ ಈ ಮಾತು ಒಪ್ಪುತ್ತದೆ. ‘ತುಕ್ಕು ಹಿಡಿದದ್ದು’ ಎಂದರೆ ಅವ್ಯಾಪ್ತಿ, ಏಕೆಂದರೆ ಎಷ್ಟೋ ಜನ ಎಲ್ಲ ಬಿಚ್ಚಿ ಹಾಕಿ ಟ್ಯಾಂಕಿಗೆ ಮಾತ್ರ ಫಳಫಳ ಬಣ್ಣ ಹೊಡೆಸಿ ಇಟ್ಟಿರುತ್ತಾರೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ‘ಮತ್ತೆ ಜೋಡಿಸುವ ಸಂಕಲ್ಪದಿಂದ ಒಬ್ಬನು ಬಿಚ್ಚಿ, ಜೋಡಿಸದೆ, ಅದೇ ಸಂಕಲ್ಪವುಳ್ಳ ಇನ್ನೊಬ್ಬನಿಗೆ ಮಾರಲು ಇಟ್ಟಿರುವ ಲೋಹರಾಶಿ.’

ಇಲ್ಲಿ ‘ಸಂಕಲ್ಪ’ ಎಂಬ ಪದ ಹಾಕದಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಯವನು ಬಿಚ್ಚಿದ್ದೂ ಸೇರಿಕೊಳ್ಳುತ್ತಿತ್ತು. ಅವನಿಗೆ ಜೋಡಿಸುವ ಸಂಕಲ್ಪ ಎಂದೂ ಇರಲಿಲ್ಲ, ಅದಕ್ಕೇ ಅವನ ವ್ಯಾಪಾರ ಚೆನ್ನಾಗಿದೆ. ‘ಅದೇ ಸಂಕಲ್ಪವುಳ್ಳ’ ಎಂಬ ವಿಶೇಷಣ ತೂಕದ ಲೆಕ್ಕದಲ್ಲಿ ಕೊಳ್ಳುವವನನ್ನು ಹೊರಗಿಡುವುದಕ್ಕೆ. ತೂಕಕ್ಕೆ ಕೊಳ್ಳುವವನಷ್ಟು ಸುಖಿ ಈ ವ್ಯವಹಾರದಲ್ಲಿ ಮತ್ತೊಬ್ಬನಿಲ್ಲ.

ದೃಷ್ಟಾಂತವಿಲ್ಲದೆ ಶಾಸ್ತ್ರ ಮುಂದೆ ಹೋಗುವುದಿಲ್ಲ. ನೈಯಾಯಿಕರಿಗೆ ಗಡಿಗೆ ಹೇಗೋ ನಮಗೆ ಬಿಎಸ್‌ಎ ಎಂ20 ಹಾಗೆ. ಬಿಎಸ್‌ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಬಂದೂಕು ಮಾಡಲು ಹುಟ್ಟಿದ ಕಂಪನಿ. ಲಾಂಛನದಲ್ಲಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳಿವೆ. ಎಂ20 ಎಂಬುದು 496 ಸಿಸಿಯ, ಸೈಡ್‌ವಾಲ್ವ್, ಒಂಟಿ ಸಿಲಿಂಡರಿನ ಬೈಕು. ಸುಮಾರು 13 ಅಶ್ವಶಕ್ತಿ, ಸುಮಾರು 170 ಕಿಲೊ ತೂಕ; ಓಟದಲ್ಲಿ ಎಮ್ಮೆ, ಸಹನೆಯಲ್ಲೂ ಎಮ್ಮೆ. ಎರಡನೇ ಮಹಾಯುದ್ಧಕ್ಕೆಂದು ಇಂಥವನ್ನು ಸುಮಾರು 1,26,000ದಷ್ಟು ಮಾಡಿದರು. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್‌ಗಳು ಸಾಮ್ರಾಜ್ಯದ ಮೂಲೆಮೂಲೆಯಲ್ಲಿ ಉಳಿದುಕೊಂಡವು. ಬೆಂಗಳೂರಿನಂಥ ದಂಡಿನ ಊರುಗಳಲ್ಲೂ ಉಳಿದವು. ಓಡುವಷ್ಟು ದಿನ ಓಡಿದವು. ಆಮೇಲೆ ಯಾರೋ ಒಬ್ಬರು, ಒಂದು ಭಾನುವಾರ ಬೆಳಿಗ್ಗೆ, ‘ಏನಿಲ್ಲ, ಒಂದ್ಸಲ ಹೆಡ್ ಬಿಚ್ಚಿ ನೋಡೋಣ’ ಎಂದರು.

ಅಧಿಕಾರಿ

ವೇದಾಂತಕ್ಕೆ ಕೈಹಾಕುವವನಿಗೆ ನಾಲ್ಕು ಸಾಧನಗಳು ಬೇಕೆನ್ನುತ್ತಾರೆ: ವಿವೇಕ, ವೈರಾಗ್ಯ, ಶಮದಮಾದಿ ಷಟ್ಕ, ಮುಮುಕ್ಷುತ್ವ. ನಮ್ಮ ಶಾಸ್ತ್ರಕ್ಕೂ ಇವೇ ನಾಲ್ಕು, ಹಂಚಿಕೆ ಮಾತ್ರ ಬೇರೆ. ವಿವೇಕವುಳ್ಳವನು ಇದನ್ನು ಕೊಳ್ಳುವುದಿಲ್ಲವಾದ್ದರಿಂದ ವಿವೇಕದ ಗೈರುಹಾಜರಿಯೇ ಮೊದಲ ಅರ್ಹತೆ. ವೈರಾಗ್ಯ ದುಡ್ಡಿನ ವಿಷಯದಲ್ಲಿ ಇರಬೇಕು, ಕಬ್ಬಿಣದ ವಿಷಯದಲ್ಲಿ ಕೂಡದು. ಶಮ, ದಮ, ತಿತಿಕ್ಷೆಗಳ ಪರೀಕ್ಷೆ ಜೋಡಣೆಯಾದ ಮೇಲೆ. ಹ್ಯಾಂಡಲ್ಲಿನ ಇಗ್ನಿಷನ್ ಲಿವರನ್ನು ಹಿಂದಕ್ಕೆ ಎಳೆಯಲು ಮರೆತು ಕಿಕ್ ಹೊಡೆದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ. ಆ ಗಳಿಗೆಯಲ್ಲಿ ಬಾಯಿಂದ ಹೊರಡುವ ಮಾತೇ ಸಾಧಕನ ಷಟ್ಕಸಂಪತ್ತಿಗೆ ಅಳತೆಗೋಲು.

ಮುಮುಕ್ಷುತ್ವ, ಅಂದರೆ ಬಿಡುಗಡೆಯ ತೀವ್ರ ಬಯಕೆ, ಕೊಳ್ಳುವವನಲ್ಲಿ ಇರುವುದೇ ಇಲ್ಲ. ಅದು ಇರುವುದು ಮಾರುವವನಲ್ಲಿ. ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿಯಲ್ಲಿ. ‘ಅವ್ರಿಗೆ ಏನೇನು ಬೇಕೋ ಎಲ್ಲಾ ತಗೊಂಡು ಹೋಗಕ್ಕೆ ಹೇಳ್ರೀ, ಆ ರೂಮೊಂದು ಖಾಲಿ ಆದ್ರೆ ಸಾಕು’ ಎಂಬ ಧ್ವನಿ ಅಡುಗೆಮನೆಯಿಂದ ಕೇಳಿಸಿದರೆ ಅನುಭವಸ್ಥ ಕೊಳ್ಳುಗ ಅಲ್ಲಿಂದಲೇ ಬೆಲೆ ಇಳಿಸಲು ತೊಡಗುತ್ತಾನೆ. ಆದರೆ ಅದೇ ಧ್ವನಿ ಕೆಲವು ವರ್ಷಗಳ ನಂತರ ತನ್ನ ಅಡುಗೆಮನೆಯಿಂದ ಬರಲಿದೆ ಎಂಬ ಊಹೆ ಅವನಿಗೆ ಹೊಳೆಯುವುದಿಲ್ಲ. ಹೊಳೆದರೆ ವಿವೇಕ ಬಂದಂತಾಗಿ ಅಧಿಕಾರ ತಪ್ಪಿಹೋಗುತ್ತದೆ.

ಅವಯವಿ

ಈಗ ಮುಖ್ಯ ಪ್ರಶ್ನೆ. ಗೋಣಿಚೀಲದಲ್ಲಿ ಇರುವುದು ಬೈಕು ಹೌದೋ ಅಲ್ಲವೋ?

ಮಿಲಿಂದಪನ್ಹ ಎಂಬ ಬೌದ್ಧ ಗ್ರಂಥದಲ್ಲಿ ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನ ರಥವನ್ನು ಮಾತಿನಲ್ಲೇ ಬಿಚ್ಚಿ ಹಾಕುತ್ತಾನೆ. ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಒಂದೊಂದನ್ನೇ ಕೇಳಿ, ಯಾವುದೂ ಅಲ್ಲವೆನ್ನಿಸಿ, ರಥವೆಂಬುದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಎಂದು ಒಪ್ಪಿಸುತ್ತಾನೆ. ಇದು ಬಹಳ ಮೆಚ್ಚತಕ್ಕ ವಾದ. ನಾಗಸೇನ ಬಾಯಲ್ಲಿ ಬಿಚ್ಚಿದ್ದರಿಂದ ಮಿಲಿಂದನ ರಥಕ್ಕೆ ಏನೂ ಆಗಲಿಲ್ಲ ಎಂಬುದನ್ನು ಮಾತ್ರ ವಿದ್ವಾಂಸರು ಗಮನಿಸಿಲ್ಲ. ಸ್ಪಾನರ್ ಹಿಡಿದು ಬಿಚ್ಚಿದ್ದರೆ ಚರ್ಚೆ ಮುಗಿದ ಮೇಲೆ ದೊರೆ ನಡೆದೇ ಅರಮನೆಗೆ ಹೋಗಬೇಕಾಗುತ್ತಿತ್ತು, ಭಿಕ್ಷು ‘ಭಾಗಗಳು ಎಲ್ಲಾ ಇವೆ, ಜೋಡಿಸೋದಷ್ಟೇ ಬಾಕಿ’ ಎಂದು ಸಮಾಧಾನ ಹೇಳಬೇಕಾಗುತ್ತಿತ್ತು.

ನ್ಯಾಯದರ್ಶನದವರ ನಿಲುವು ಬೇರೆ. ಅವಯವಗಳಿಗಿಂತ ಬೇರೆಯಾದ ಅವಯವಿ ಎಂಬುದೊಂದು ಇದೆ, ಅದು ಅವಯವಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುತ್ತದೆ ಎನ್ನುತ್ತಾರೆ. ಅವರು ಕೊಡುವ ಕಾರಣಗಳಲ್ಲಿ ಒಂದು ನಮಗೆ ತುಂಬ ಉಪಯುಕ್ತ: ವಸ್ತುವಿನ ಒಂದು ಭಾಗ ಹಿಡಿದು ಎಳೆದರೆ ಇಡೀ ವಸ್ತು ಬರುತ್ತದೆ, ಅವಯವಿ ಇಲ್ಲದಿದ್ದರೆ ಕೈಗೆ ಸಿಕ್ಕ ಭಾಗ ಮಾತ್ರ ಬರಬೇಕಿತ್ತು. ಇಷ್ಟು ಸುಲಭದ ಪರೀಕ್ಷೆ ಯಾರೂ ಮಾಡುವುದಿಲ್ಲವೆಂಬುದು ಆಶ್ಚರ್ಯ. ಚೀಲದಿಂದ ಹ್ಯಾಂಡಲ್‌ಬಾರ್ ಹಿಡಿದು ಎಳೆಯಿರಿ. ಹ್ಯಾಂಡಲ್‌ಬಾರ್ ಬರುತ್ತದೆ. ಅದಕ್ಕೆ ತೊಡರಿಕೊಂಡ ಕ್ಲಚ್ ಕೇಬಲ್ ಬರುತ್ತದೆ, ಕೇಬಲ್ಲಿಗೆ ಸಿಕ್ಕ ಒಂದು ಮಡ್‌ಗಾರ್ಡ್ ಪಟ್ಟಿ ಬರುತ್ತದೆ, ಪಟ್ಟಿಗೆ ಸಿಕ್ಕ ಹಳೇ ಬನಿಯನ್ ಬಟ್ಟೆ ಬರುತ್ತದೆ. ಈ ನಾಲ್ಕಕ್ಕೂ ಸಂಬಂಧವಿದೆಯೆಂದು ನೋಡುವವನಿಗೆ ಅನ್ನಿಸಿಬಿಡುತ್ತದೆ. ಇದು ಸಮವಾಯವಲ್ಲ, ಸಿಕ್ಕು.

ಪಾಶ್ಚಾತ್ಯರಲ್ಲೂ ಈ ಚರ್ಚೆ ನಡೆದಿದೆ. ಅಥೆನ್ಸಿನವರು ಥೀಸಿಯಸ್ಸನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರು, ಆಮೇಲೆ ಅದು ಅದೇ ಹಡಗೋ ಅಲ್ಲವೋ ಎಂದು ತತ್ವಜ್ಞಾನಿಗಳು ಕಿತ್ತಾಡಿದರು ಎಂದು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. 17ನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಇದಕ್ಕೊಂದು ತಂಟೆ ಸೇರಿಸಿದ: ಬಿಚ್ಚಿ ಎಸೆದ ಹಳೇ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ? ಹಾಬ್ಸನಿಗೆ ಇದು ಕಲ್ಪನೆ. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಬ್ಯೂಲಿಯಲ್ಲಿ 1967ರಿಂದ ನಡೆದುಬಂದ ಹಳೇ ವಾಹನ, ಬಿಡಿಭಾಗಗಳ ಸಂತೆಗೆ ಹೋದವರಿಗೆ ಇದು ವ್ಯಾಪಾರ. ಒಬ್ಬನ ಬಳಿ ಮೂಲ ಚಾಸಿ ಮತ್ತು ಕಾಗದಪತ್ರ, ಮತ್ತೊಬ್ಬನ ಬಳಿ ಮೂಲ ಎಂಜಿನ್ನು. ಇಬ್ಬರೂ ಉಳಿದದ್ದನ್ನು ಹೊಸದಾಗಿ ಮಾಡಿಸಿ, ಇಬ್ಬರೂ ತಮ್ಮದೇ ಅಸಲಿಯೆಂದು ಪ್ರತಿಜ್ಞೆ ಮಾಡುತ್ತಾರೆ. ಹಡಗು ಎರಡಾಯಿತು, ಥೀಸಿಯಸ್ಸೂ ಇಬ್ಬರಾದರು.

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: ಚೀಲದಲ್ಲಿ ಅವಯವಿ ಇಲ್ಲವೆಂದ ಮೇಲೆ ಕೊಳ್ಳುವವನು ದುಡ್ಡು ಕೊಡುವುದು ಯಾವುದಕ್ಕೆ?

ನಮ್ಮ ಸಿದ್ಧಾಂತ: ಅವನ ತಲೆಯೊಳಗೆ ಓಡುತ್ತಿರುವ ಬೈಕಿಗೆ. ಜೋಡಿಸಿದ ಬೈಕು ತನ್ನ ದೋಷವನ್ನು ಮುಚ್ಚಿಡಲಾರದು. ಕಿಕ್ ಹೊಡೆದ ಕೂಡಲೇ ಹೊಗೆ ಕಾರುತ್ತದೆ, ಟ್ಯಾಪೆಟ್ ಲೊಟಗುಟ್ಟುತ್ತದೆ, ನಿಂತಲ್ಲಿ ಎಣ್ಣೆ ಸೋರಿಸುತ್ತದೆ, ನೋಡಲು ಬಂದವನು ತಲೆಯಾಡಿಸಿ ಹೊರಟುಹೋಗುತ್ತಾನೆ. ಬಿಚ್ಚಿಟ್ಟ ಬೈಕು ಮಾತ್ರ ಎಂದೂ ಸ್ಟಾರ್ಟ್ ಆಗದೆ ಉಳಿದಿಲ್ಲ. ಅದಕ್ಕೆ ಯಾರೂ ಕಿಕ್ ಹೊಡೆದೇ ಇಲ್ಲವಲ್ಲ. ಚೀಲದೊಳಗಿನ ಎಂಜಿನ್ನು ಎಣ್ಣೆ ಸೋರಿಸುವುದಿಲ್ಲ. ಪ್ರಪಂಚದಲ್ಲಿ ದೋಷವಿಲ್ಲದ ಬ್ರಿಟಿಷ್ ಬೈಕು ಎಂಬುದೊಂದಿದ್ದರೆ ಅದು ಇದೇ. ಹೊಗೆಯಿದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿ ಬೆಟ್ಟಕ್ಕೆ ಸರಿ. ಬೈಕಿನಲ್ಲಿ ನೀಲಿ ಹೊಗೆಯಿದ್ದಲ್ಲಿ ಸವೆದ ಪಿಸ್ಟನ್ ರಿಂಗು. ಆದರೆ ಹೊಗೆಯನ್ನೇ ಬಿಡಲಾಗದ ಸ್ಥಿತಿಯಲ್ಲಿ ಇರುವುದರ ಮೇಲೆ ಯಾವ ಅನುಮಾನ ನಿಲ್ಲುತ್ತದೆ? ಹೇತುವೇ ಅಸಿದ್ಧ.

ಪ್ರಮಾಣ

ಹಾಗೆಂದು ಪ್ರಮಾಣಗಳಿಲ್ಲವೆಂದಲ್ಲ. ಕೊಳ್ಳಲು ಹೋದಾಗ ನೈಯಾಯಿಕರ ನಾಲ್ಕೂ ಪ್ರಮಾಣಗಳು ಒಟ್ಟಿಗೆ ಮೈಮೇಲೆ ಬೀಳುತ್ತವೆ.

ಪ್ರತ್ಯಕ್ಷದಿಂದಲೇ ಹೆಚ್ಚು ಮೋಸ. ಮಾರುವವನು ಲ್ಯೂಕಾಸ್ ಮ್ಯಾಗ್‌ಡೈನೊ ಎತ್ತಿಕೊಂಡು, ಅದರ ವೈರಿನ ತುದಿಯನ್ನು ಬಾಡಿಯ ಹತ್ತಿರ ಹಿಡಿದು, ಹಲ್ಲುಚಕ್ರವನ್ನು ಬೆರಳಿನಿಂದ ಗಿರ್ರೆಂದು ತಿರುಗಿಸುತ್ತಾನೆ. ಚಿಟ್ಟೆಂದು ನೀಲಿ ಕಿಡಿ. ‘ನೋಡಿ ಸಾರ್, ಎಪ್ಪತ್ತು ಎಂಬತ್ತು ವರ್ಷ ಆದ್ರೂ ಕರೆಂಟು ಹೆಂಗೆ ಹೊಡೀತೈತೆ.’ ಹೊಡೆಯುತ್ತದೆ, ನಿಜ. ತಣ್ಣಗಿದ್ದಾಗ ಹೊಡೆಯುತ್ತದೆ. ಆ ಕಾಲದ ಆರ್ಮೇಚರ್ ಸುರುಳಿಗೆ ಬಳಿಯುತ್ತಿದ್ದುದು ಅರಗಿನಿಂದ ಮಾಡಿದ ಶೆಲ್ಲಾಕ್. ಹಳತಾದ ಶೆಲ್ಲಾಕ್ ಎಂಜಿನ್ನಿನ ಬಿಸಿಗೆ ಮೆತ್ತಗಾಗಿ ಇಳಿಯುತ್ತದೆ, ಒಳಗಿನ ಕಂಡೆನ್ಸರೂ ಅಷ್ಟರಲ್ಲಿ ಸೋತಿರುತ್ತದೆ. ಬೈಕು ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದು, ಊರಾಚೆ ಕೆಲವು ಮೈಲಿ ಕರೆದುಕೊಂಡು ಹೋಗಿ, ಬಿಸಿಯಾಗಿ, ಅಲ್ಲೇ ಬಿಡುತ್ತದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ. ಅರಗಿನ ಮನೆಯ ಕಥೆ ಕೇಳಿ ಬೆಳೆದ ನಮಗಾದರೂ ಇದು ಮೊದಲೇ ಗೊತ್ತಿರಬೇಕಿತ್ತು.

ಉಪಮಾನ ಪ್ರಮಾಣ ಎಂದರೆ ‘ಬುಲೆಟ್ ಥರಾನೇ ಸಾರ್’ ಎಂಬ ವಾಕ್ಯ. ರಾಯಲ್ ಎನ್‌ಫೀಲ್ಡಿನವರು 1955ರಲ್ಲಿ ಮದ್ರಾಸಿಗೆ ಬಂದು ಬುಲೆಟ್ ಕಟ್ಟಲು ಶುರುಮಾಡಿದಾಗಿನಿಂದ ನಮ್ಮಲ್ಲಿ ಒಂಟಿ ಸಿಲಿಂಡರಿನ ಯಾವುದೇ ಗಾಡಿ ಬುಲೆಟ್ಟಿನ ಥರವೇ. ಗವಯವೆಂಬ ಕಾಡುಪ್ರಾಣಿ ಹಸುವಿನಂತೆ ಎಂದು ಕೇಳಿ ಕಾಡಿಗೆ ಹೋದವನು ಗವಯವನ್ನು ಗುರುತಿಸುತ್ತಾನೆ. ಹಾಲು ಕರೆಯಲು ಚೆಂಬು ಹಿಡಿದು ಹೋಗುವುದಿಲ್ಲ.

ಶಬ್ದ ಪ್ರಮಾಣಕ್ಕೆ ಬರೋಣ. ಮಾರುವವನ ವಾಕ್ಯಗಳು ಕೆಲವೇ. ಅರ್ಥಕ್ಕೆ ಭಾಷ್ಯ ಬೇಕು. ‘ಎಲ್ಲಾ ಇದೆ’ ಎಂದರೆ ತನ್ನ ಮನೆಯಲ್ಲಿ ಇನ್ನೇನೂ ಉಳಿದಿಲ್ಲ ಎಂದರ್ಥ. ‘ಬಿಚ್ಚುವಾಗ ಓಡ್ತಿತ್ತು’ ಎಂಬುದಕ್ಕೆ ಯಾವಾಗಲೋ ಒಮ್ಮೆ ಓಡಿತ್ತು, ಇನ್ನು ಯಾವಾಗಲೋ ಒಮ್ಮೆ ಬಿಚ್ಚಲಾಯಿತು ಎಂದು ಎರಡು ವಾಕ್ಯ ಮಾಡಿಕೊಂಡು ಅರ್ಥ ಹೇಳಬೇಕು. ‘ಮ್ಯಾಚಿಂಗ್ ನಂಬರ್’ ಎಂಬುದು ಎಲ್ಲಕ್ಕಿಂತ ಸ್ವಾರಸ್ಯದ್ದು. ಯುದ್ಧಕಾಲದ ಎಂ20ಗಳಲ್ಲಿ ಎಂಜಿನ್ ನಂಬರೂ ಚಾಸಿ ನಂಬರೂ ಕಾರ್ಖಾನೆಯಿಂದಲೇ ಒಂದೇ ಆಗಿರುತ್ತಿರಲಿಲ್ಲ. ಎರಡರ ಮೇಲೂ ಅಚ್ಚುಕಟ್ಟಾಗಿ ಒಂದೇ ಸಂಖ್ಯೆ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಅಚ್ಚಲ್ಲ, ಇತ್ತೀಚಿನ ಯಾರದೋ ಸುತ್ತಿಗೆ. ಹೊಂದಿಕೆಯೇ ಇಲ್ಲಿ ದೋಷಕ್ಕೆ ಸಾಕ್ಷಿ. ಜಾತಕ ನೋಡುವವರು ಬೇಕಾದರೆ ಈ ನ್ಯಾಯವನ್ನು ಎರವಲು ಪಡೆಯಬಹುದು.

ಉಳಿದದ್ದು ಅನುಮಾನ, ನಮ್ಮ ಮಟ್ಟಿಗೆ ಅದೊಂದೇ ಪ್ರಮಾಣ. ಅನುಮಾನ ಮಾಡಬೇಕಾದದ್ದು ಬೈಕಿನ ಬಗ್ಗೆ ಅಲ್ಲ, ಬಿಚ್ಚಿದವನ ಬಗ್ಗೆ. ಬಿಚ್ಚಿದವನೂ ನಮ್ಮ ನಿಮ್ಮಂತೆ ಉತ್ಸಾಹಿಯೇ ಆಗಿದ್ದ. ಎಲ್ಲೋ ಒಂದು ಕಡೆ ನಿಲ್ಲಿಸಿದ. ಯಾವ ಅಡ್ಡಿ ಅವನನ್ನು ನಿಲ್ಲಿಸಿತೋ ಆ ಅಡ್ಡಿಯೇ ನಿಜವಾಗಿ ಮಾರಾಟಕ್ಕಿರುವುದು. ಉಳಿದದ್ದೆಲ್ಲ ಅದರ ಜೊತೆಗೆ ಪುಕ್ಕಟೆ. ಚಾಸಿಗೆ ಬಣ್ಣವಾಗಿದೆ, ಚಕ್ರಕ್ಕೆ ಹೊಸ ಕಡ್ಡಿ ಕಟ್ಟಿದ್ದಾರೆ, ಕ್ರ್ಯಾಂಕ್ ಮಾತ್ರ ಬಿಚ್ಚಿದ ಹಾಗೇ ಇದೆ ಎಂದರೆ ಕಾಯಿಲೆ ಕ್ರ್ಯಾಂಕಿನಲ್ಲಿದೆ, ಕನೆಕ್ಟಿಂಗ್ ರಾಡಿನ ಬೇರಿಂಗ್ ಕೂರಿಸಿಕೊಡುವವರು ಅವನಿಗೆ ಸಿಗಲಿಲ್ಲ. ಎಲ್ಲ ಕ್ರೋಮಿಂಗ್ ಆಗಿ ಹೊಳೆಯುತ್ತಿದ್ದು ಒಂದು ಬುಷ್ಶನ್ನೂ ಮುಟ್ಟಿಲ್ಲವೆಂದರೆ ದುಡ್ಡು ಹೊಳಪಿನಲ್ಲೇ ಮುಗಿಯಿತು. ಇನ್ನು ಅಪರೂಪಕ್ಕೊಮ್ಮೆ, ಒಂದೊಂದು ಡಬ್ಬದ ಮೇಲೂ ಚೀಟಿ ಅಂಟಿಸಿ, ಬೋಲ್ಟುಗಳನ್ನು ತಂತಿಯಲ್ಲಿ ಪೋಣಿಸಿ, ‘ಗೇರ್‌ಬಾಕ್ಸ್ ಹೊರಮುಚ್ಚಳ, ಮೇಲಿನ ಎರಡು ಉದ್ದ’ ಎಂದು ದುಂಡಗೆ ಬರೆದಿಟ್ಟದ್ದು ಸಿಗುತ್ತದೆ. ಅಂಥದ್ದನ್ನು ಚೌಕಾಶಿ ಮಾಡದೆ ಕೊಳ್ಳಬೇಕು. ಅವನನ್ನು ನಿಲ್ಲಿಸಿದ್ದು ಬೈಕಲ್ಲ. ವರ್ಗಾವಣೆಯೋ, ಕಣ್ಣೋ, ಆಯುಸ್ಸೋ. ಹೊರಗೆ ಬಂದು ಡಬ್ಬಗಳನ್ನು ತೋರಿಸುವವನು ಆಗ ಸಾಮಾನ್ಯವಾಗಿ ಮಗ. ‘ಇವೆಲ್ಲ ನಮ್ಮ ತಂದೆಯವರು ಬರೆದಿಟ್ಟಿದ್ದು’ ಎನ್ನುತ್ತಾನೆ. ಅಲ್ಲಿ ಪ್ರಮಾಣಶಾಸ್ತ್ರಕ್ಕೆ ಕೆಲಸವಿಲ್ಲ.

ಅಭಾವ

ಮನೆಗೆ ತಂದು, ಹಜಾರದಲ್ಲಿ ಹಳೇ ಪೇಪರು ಹಾಸಿ, ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಟ್ಟಾಗ ಕೊಂಡದ್ದೇನೆಂದು ಗೊತ್ತಾಗುತ್ತದೆ. ಇರುವುದಕ್ಕಿಂತ ಇಲ್ಲದ್ದು ಹೆಚ್ಚು. ತಾರ್ಕಿಕರು ಅಭಾವವನ್ನು ಒಂದು ಪದಾರ್ಥವೆಂದೇ ಎಣಿಸಿ ನಾಲ್ಕು ಬಗೆ ಮಾಡಿದ್ದು ಎಷ್ಟು ದೂರದೃಷ್ಟಿಯ ಕೆಲಸವೆಂದು ಆಗಲೇ ಅರಿವಾಗುವುದು.

ಪ್ರಾಗಭಾವ ಎಂದರೆ ವಸ್ತು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಲೇತ್ ಅಂಗಡಿಯ ಮೇಸ್ತ್ರಿಗೆ ಕೊಟ್ಟ ಕಂಚಿನ ಬುಷ್ಶು ಇದಕ್ಕೆ ಉದಾಹರಣೆ. ಆದಿಯಿಲ್ಲವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅಂತ್ಯದ ವಿಷಯ ಕೇಳಿದರೆ ಮೇಸ್ತ್ರಿ ‘ನಾಳೆ ಸಂಜೆ ಬನ್ನಿ ಸಾರ್, ಕರೆಂಟ್ ಇರ್ಲಿಲ್ಲ’ ಎನ್ನುತ್ತಾರೆ.

ಪ್ರಧ್ವಂಸಾಭಾವ ನಾಶದಿಂದ ಬಂದದ್ದು, ಆದಿಯುಂಟು, ಅಂತ್ಯವಿಲ್ಲ. ಟ್ಯಾಂಕಿನ ತಳ, ಮಡ್‌ಗಾರ್ಡಿನ ಅಂಚು, ಸುತ್ತಿಗೆ ಪೆಟ್ಟಿಗೆ ಹಾರಿಹೋದ ಸಿಲಿಂಡರಿನ ಫಿನ್ನುಗಳು. ಹೆಚ್ಚು ಹೇಳಬೇಕಾದ್ದಿಲ್ಲ.

ಅತ್ಯಂತಾಭಾವಕ್ಕೆ ಹಳಬರು ಮೊಲದ ಕೊಂಬನ್ನು ಹೇಳುತ್ತಿದ್ದರು. ನಾವು ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ಪನ್ನು ಹೇಳುತ್ತೇವೆ. 1942ರಲ್ಲಿ ಮಲಯವನ್ನು ಜಪಾನೀಯರು ಹಿಡಿದುಕೊಂಡ ಮೇಲೆ ಬ್ರಿಟನ್ನಿಗೆ ರಬ್ಬರಿನ ಬರ ಬಂತು. ಸೇನೆಯ ಬೈಕುಗಳ ಹಿಡಿಕೆಗೆ ಕ್ಯಾನ್ವಾಸ್ ಬಟ್ಟೆ ಬಂತು, ಕಾಲಿಡುವ ಕಡೆ ಬರೀ ಉಕ್ಕು ಬಂತು. ಆ ಕಾಲದ ಎಂ20 ಕೊಂಡ ಸಾಧಕ, ರಬ್ಬರು ಕಳೆದುಹೋಗಿದೆಯೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದೊಂದು ಅಂಗಡಿಗೂ ಹತ್ತಿ ಇಳಿದು, ಕೊನೆಗೆ ದುಬಾರಿ ಬೆಲೆಗೆ ಇಂಗ್ಲೆಂಡಿನಿಂದ ತರಿಸಿ ಹಾಕಿದನೆಂದರೆ, ಎಂದೂ ಇಲ್ಲದಿದ್ದುದನ್ನು ಹುಡುಕಿ, ಸಂಪಾದಿಸಿ, ಕೂರಿಸಿ, ಆ ಮೂಲಕ ಬೈಕನ್ನು ಕೆಡಿಸಿದಂತಾಯಿತು. ಬ್ರಹ್ಮಸಾಕ್ಷಾತ್ಕಾರದಲ್ಲೂ ಇಷ್ಟು ಸುತ್ತಿಲ್ಲ.

ಎಲ್ಲಕ್ಕಿಂತ ಘೋರ ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಭಾಗ ಇದೆ, ಆದರೆ ಅದು ಈ ಬೈಕಿನದಲ್ಲ. ಕಿಕ್ಕರ್ ಮ್ಯಾಚ್‌ಲೆಸ್ಸಿನದು, ಗೇರ್ ಲಿವರ್ ಬುಲೆಟ್ಟಿನದು, ಒಂದು ಮುಚ್ಚಳ ಯಾವುದೋ ಸ್ಕೂಟರಿನದು. ಇವು ಎಣಿಕೆಗೆ ಸರಿಯಾಗುತ್ತವೆ, ಅದಕ್ಕೇ ಅಪಾಯ. ಪರಾಕಾಷ್ಠೆಯೆಂದರೆ ಕ್ರ್ಯಾಂಕ್‌ಕೇಸು. ಈ ಎಂಜಿನ್ನುಗಳ ಹೊಟ್ಟೆ ಜರಾಸಂಧನ ಹಾಗೆ ಉದ್ದುದ್ದಕ್ಕೆ ಎರಡು ಹೋಳು. ಕಾರ್ಖಾನೆಯಲ್ಲಿ ಎರಡನ್ನೂ ಜೋಡಿಸಿಕೊಂಡೇ ಬೇರಿಂಗಿನ ತೂತು ಕೊರೆಯುತ್ತಿದ್ದರು, ಜೋಡಿ ತಪ್ಪಬಾರದೆಂದು ಎರಡರ ಮೇಲೂ ಒಂದೇ ಗುರುತು ಒತ್ತುತ್ತಿದ್ದರು. ಬೇರೆಬೇರೆ ಎಂಜಿನ್ನಿನ ಎಡ ಬಲ ಹೋಳುಗಳು ಬೋಲ್ಟಿಗೇನೋ ಒಪ್ಪುತ್ತವೆ. ಬೇರಿಂಗುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಕ್ರ್ಯಾಂಕ್ ಬಿಗಿಹಿಡಿಯುತ್ತದೆ. ಭೀಮ ಸೀಳಿದ ಹೋಳುಗಳನ್ನು ಅದಲುಬದಲು ಎಸೆದಾಗ ಜರಾಸಂಧ ಮತ್ತೆ ಕೂಡಿಕೊಳ್ಳದೆ ಹೋದದ್ದು ಇದೇ ಕಾರಣಕ್ಕೆ. ಕೃಷ್ಣನಿಗೆ ಎಂಜಿನ್ನಿನ ಜ್ಞಾನವೂ ಇತ್ತೆಂದು ಕೆಲವರು ಹೇಳಿಯಾರು. ನಾವು ಅಷ್ಟು ದೂರ ಹೋಗುವುದಿಲ್ಲ. ಚೀಲ ಎತ್ತುವ ಮುಂಚೆ ಎರಡೂ ಹೋಳುಗಳನ್ನು ಬಿಸಿಲಿಗೆ ಹಿಡಿದು ಗುರುತು ನೋಡಿ ಎಂದಷ್ಟೇ ಹೇಳುತ್ತೇವೆ.

ಕುಮಾರಿಲ ಭಟ್ಟರ ಅನುಯಾಯಿಗಳು ಅಭಾವವನ್ನು ತಿಳಿಯಲು ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಇಟ್ಟಿದ್ದಾರೆ: ಇದ್ದಿದ್ದರೆ ಕಾಣುತ್ತಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ಉಗುರಿನಷ್ಟಗಲದ, ಅರ್ಧಚಂದ್ರದ ಆಕಾರದ ವುಡ್‌ರಫ್ ಕೀ ವಿಷಯದಲ್ಲಿ ಈ ಪ್ರಮಾಣ ಕೆಲಸ ಮಾಡುವುದಿಲ್ಲ. ಅದು ಇದ್ದಾಗಲೂ ಕಾಣುವುದಿಲ್ಲ. ಹೊಸದನ್ನು ಮಾಡಿಸಿ ತಂದ ದಿನ ಹಳೆಯದು ಕಸಪೊರಕೆಗೆ ಸಿಗುತ್ತದೆ.

ಥ್ರೆಡ್ಡು

ಪರಿಮಾಣದ ವಿಚಾರ ಹೇಳದೆ ಮುಗಿಸುವಂತಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಮಹಾನುಭಾವ ಇಂಗ್ಲೆಂಡಿನ ಬೋಲ್ಟುಗಳಿಗೆಲ್ಲ ಒಂದೇ ಅಳತೆ ಇರಲೆಂದು 55 ಡಿಗ್ರಿ ಕೋನದ ಥ್ರೆಡ್ಡನ್ನು ಸೂಚಿಸಿದ. ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ಅದು ಒರಟಾಯಿತೆಂದು ಬಿಎಸ್‌ಎಫ್ ಎಂಬ ಸಣ್ಣ ಥ್ರೆಡ್ಡು ಮಾಡಿದರು, ಸೈಕಲ್ಲಿನವರು 60 ಡಿಗ್ರಿಯ ತಮ್ಮದೇ ಥ್ರೆಡ್ಡು ತಂದರು, ಕರೆಂಟಿನ ಸಾಮಾನಿನವರು 47.5 ಡಿಗ್ರಿಯ ಬಿಎ ಥ್ರೆಡ್ಡು ಹಿಡಿದರು. ಒಂದೇ ಬೈಕಿನಲ್ಲಿ ಇವೆಲ್ಲ ಸೇರಿರುತ್ತವೆ. ನಟ್ಟು ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಅದು ಬೇರೆ ದರ್ಶನಕ್ಕೆ ಸೇರಿದ ಬೋಲ್ಟು. ಬಲ ಹಾಕುವವರು ಅನಂತರ ದುಃಖಪಡುತ್ತಾರೆ.

ವಿಟ್‌ವರ್ತ್, ಬಿಎಸ್‌ಎಫ್ ಸ್ಪಾನರಿನ ಮೇಲೆ ಬರೆದಿರುವ ಸಂಖ್ಯೆ ನಟ್ಟಿನ ಅಗಲವಲ್ಲ, ಬೋಲ್ಟಿನ ಕಾಂಡದ ದಪ್ಪ. ಕಾಲು ಅಂಗುಲದ ಬಿಎಸ್‌ಎಫ್ ಎಂದು ಬರೆದಿದ್ದರೆ ಅದರ ಬಾಯಿ ಸುಮಾರು 11.3 ಮಿಲಿಮೀಟರು. ನಮ್ಮ ನಿಮ್ಮ ಮನೆಯ ಡಬ್ಬದಲ್ಲಿರುವ 11ರ ಸ್ಪಾನರ್ ಅದರ ಮೇಲೆ ಕೂರುವುದಿಲ್ಲ. 12ರದು ಕೂರುತ್ತದೆ, ಸ್ವಲ್ಪ ಸಡಿಲ, ಪರವಾಗಿಲ್ಲ ಎನ್ನಿಸುತ್ತದೆ. ಒತ್ತಿದಾಗ ಮೊದಲು ಏನೂ ಆಗುವುದಿಲ್ಲ, ಇನ್ನಷ್ಟು ಒತ್ತಿದಾಗ ‘ಟಕ್’ ಎಂದು ನಟ್ಟು ಸಡಿಲವಾದಂಥ ಸದ್ದು. ತೆಗೆದು ನೋಡಿದರೆ ನಟ್ಟು ಇದ್ದಲ್ಲೇ ಇದೆ, ಆರು ಮೂಲೆಗಳು ಮಾತ್ರ ಇಲ್ಲ. ಚೀಲದಲ್ಲಿ ಬಂದ ನಟ್ಟುಗಳು ಗುಂಡಗಿದ್ದರೆ, ಹಿಂದಿನವನ ಬಳಿ ಯಾವ ಸ್ಪಾನರ್ ಇತ್ತು ಎಂಬುದು ಸಿದ್ಧ.

ಬೆಲೆ, ಕಾಗದಪತ್ರ, ಪ್ರಯೋಜನ

ಬೆಲೆಯ ಬಗ್ಗೆ ಶಾಸ್ತ್ರ ಚಿಕ್ಕದು: ಓಡುವ ಎಂ20 ಯಾವಾಗಲೂ ಅಗ್ಗ. ಕ್ರ್ಯಾಂಕ್, ಮ್ಯಾಗ್ನೆಟೊ, ಬೋರಿಂಗು, ಕ್ರೋಮಿಂಗು, ಬಣ್ಣ ಎಲ್ಲ ಸೇರಿಸಿದರೆ ಚೀಲದ ಬೈಕಿನ ಲೆಕ್ಕ ಅದನ್ನು ದಾಟುತ್ತದೆ, ಆದ್ದರಿಂದ ಯಾರೂ ಸೇರಿಸುವುದಿಲ್ಲ. ಹಾಗೂ ಕೊಳ್ಳಲೇಬೇಕೆಂದರೆ ಎಂ20ಯನ್ನೋ ಜಿ3ಎಲ್ಲನ್ನೋ ಕೊಳ್ಳಿ. ರಾಶಿರಾಶಿ ಮಾಡಿದ್ದರಿಂದ ಭಾಗಗಳು ಇವತ್ತಿಗೂ ಸಿಗುತ್ತವೆ. ವಿನ್ಸೆಂಟಿನಂಥ ಅಪೂರ್ವ ವಂಶದ ಬೈಕನ್ನು ಬಿಡಿಯಾಗಿ ಕೊಳ್ಳುವವರಿಗೆ ಈ ಪ್ರಬಂಧದಲ್ಲಿ ಏನೂ ಇಲ್ಲ, ಅವರು ನೇರ ಸನ್ಯಾಸಾಶ್ರಮಕ್ಕೆ ಹೋಗಬಹುದು.

ಕಾಗದಪತ್ರದಲ್ಲಿ ಥೀಸಿಯಸ್ ಮತ್ತೆ ಎದುರಾಗುತ್ತಾನೆ. 2021ರಲ್ಲಿ ಭಾರತ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ನಂಬರಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಷರತ್ತು: ವಾಹನ ಮೂಲರೂಪದಲ್ಲಿರಬೇಕು, ಚಾಸಿಯಲ್ಲೋ ಬಾಡಿಯಲ್ಲೋ ಎಂಜಿನ್ನಿನಲ್ಲೋ ಗಣನೀಯ ಬದಲಾವಣೆ ಆಗಿರಕೂಡದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಬೈಕಿಗೆ ರಸ್ತೆ ತೆರಿಗೆಯಿಲ್ಲ, ವರ್ಷವರ್ಷದ ತಪಾಸಣೆಯಿಂದಲೂ ವಿನಾಯಿತಿ; ತಪಾಸಣೆಯ ವಿನಾಯಿತಿಗೆ ಅಲ್ಲೂ ಅದೇ ಷರತ್ತು, ಗಣನೀಯ ಬದಲಾವಣೆ ಆಗಿರಬಾರದು. ಎಷ್ಟಾದರೆ ಗಣನೀಯ? ಪ್ಲುಟಾರ್ಕನ ಕಾಲದಿಂದ ಬಗೆಹರಿಯದ ಪ್ರಶ್ನೆಯನ್ನು ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರು, ಊಟದ ವೇಳೆಗೆ ಮುಂಚೆ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಬಗೆಹರಿಸಬೇಕಾಗಿದೆ.

ಕೊನೆಯದಾಗಿ, ಈ ಶಾಸ್ತ್ರವನ್ನು ವ್ಯಕ್ತಿಗಳು ಮಾತ್ರ ಅಭ್ಯಾಸ ಮಾಡುತ್ತಾರೆಂದು ತಿಳಿಯಬಾರದು. 1970ರ ದಶಕದಲ್ಲಿ ಬ್ರಿಟಿಷ್ ಮೋಟಾರ್‌ಸೈಕಲ್ ಉದ್ಯಮವೇ ಬಿಚ್ಚಿಹೋಯಿತು. ಕಾರ್ಖಾನೆಗಳು ಒಂದು ಕಡೆ, ಯಂತ್ರಗಳು ಒಂದು ಕಡೆ, ಹೆಸರುಗಳು ಒಂದು ಕಡೆ. ರಾಯಲ್ ಎನ್‌ಫೀಲ್ಡ್ ಮದ್ರಾಸಿನಲ್ಲಿ ಉಳಿದುಕೊಂಡು 1994ರಲ್ಲಿ ಐಷರ್ ಕೈ ಸೇರಿತು. ಬಿಎಸ್‌ಎ ಎಂಬ ಹೆಸರನ್ನು 2016ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕೊಂಡಿತು. ನಾರ್ಟನ್ನನ್ನು 2020ರಲ್ಲಿ, ಬೆಂಗಳೂರಿಗೆ ಕೂಗಳತೆಯ ಹೊಸೂರಿನಲ್ಲಿ ಕಾರ್ಖಾನೆಯಿರುವ ಟಿವಿಎಸ್, 1.6 ಕೋಟಿ ಪೌಂಡ್ ನಗದು ಕೊಟ್ಟು ಕೊಂಡಿತು. ಚೀಲ ಕೊಳ್ಳುವವನು ಅವಯವಿಯಿಲ್ಲದ ಅವಯವಗಳನ್ನು ಕೊಳ್ಳುತ್ತಾನೆ. ಬಿಎಸ್‌ಎ, ನಾರ್ಟನ್ ಕೊಂಡವರು ಹೆಚ್ಚುಕಡಿಮೆ ಅವಯವಗಳಿಲ್ಲದ ಅವಯವಿಯನ್ನು ಕೊಂಡರು. ನಾಗಸೇನನಿದ್ದಿದ್ದರೆ, ಬರೀ ಹೆಸರೆಂದು ತಾನು ಹೇಳಿದ್ದಕ್ಕೆ ಇಷ್ಟು ಬೆಲೆ ಕಟ್ಟಿದ್ದನ್ನು ಕಂಡು ವಾದವನ್ನು ತಿದ್ದಿಕೊಳ್ಳುತ್ತಿದ್ದನೋ ಏನೋ. ಆ ಕಂಪನಿಗಳ ಲೆಕ್ಕಪರಿಶೋಧಕರು ‘ಏನ್ರೀ ಇದು, ಎಲ್ಲಿ ಇಡ್ತೀರಿ ಇದನ್ನ’ ಎಂದು ಕೇಳಿದರೇ ಎಂಬುದು ವಾರ್ಷಿಕ ವರದಿಗಳಲ್ಲಿ ಕಂಡುಬರುವುದಿಲ್ಲ.